ವಿಷಸರ್ಪಗಳ ಶಿಶಿರನಿದ್ರೆಯೂ ಸಂತಾನವೂ

ಕನ್ನಡನಾಡಿನಲ್ಲಿ ಹಾವಿಗೆ ಸಲ್ಲುವ ಪೂಜೆಯೂ ಹಾವಿನ ಮೇಲೆ ಬೀಳುವ ಪೆಟ್ಟೂ ಒಂದೇ ಕೈಯಿಂದ ಬರುವುದುಂಟು. ಶ್ರಾವಣಮಾಸದ ಪಂಚಮಿಯಂದು ಹುತ್ತಕ್ಕೆ ಹಾಲೆರೆದು ಬಂದ ಗೃಹಸ್ಥನೇ ಮರುದಿನ ಹಿತ್ತಲಿನಲ್ಲಿ ಹಾವು ಕಂಡೊಡನೆ ದೊಣ್ಣೆಗಾಗಿ ಕೂಗುತ್ತಾನೆ. ಹನ್ನೆರಡನೆಯ ಶತಮಾನದಲ್ಲಿಯೇ ಬಸವಣ್ಣನವರು ಈ ವೈರುಧ್ಯವನ್ನು ತಮ್ಮ ವಚನವೊಂದರಲ್ಲಿ ಎತ್ತಿ ತೋರಿಸಿದರು. ಭಯದಿಂದ ಕೊಲ್ಲುವುದು, ಭಯದಿಂದಲೇ ಪೂಜಿಸುವುದು, ಇವೆರಡರಲ್ಲಿಯೂ ಆ ಪ್ರಾಣಿಯ ನಿಜಸ್ವರೂಪವನ್ನು ತಿಳಿಯುವ ಪ್ರಯತ್ನವಿಲ್ಲ. ಅರಿವಿಗೆ ಗುರುಸ್ಥಾನವನ್ನಿತ್ತ ಶರಣ ಪರಂಪರೆಯ ವಿದ್ಯಾಸಂಸ್ಥೆಯ ಸಂಚಿಕೆಯೊಂದರಲ್ಲಿ ಮೂರನೆಯ ದಾರಿಯನ್ನು, ಎಂದರೆ ಅರಿಯುವ ದಾರಿಯನ್ನು, ಪರಿಶೀಲಿಸುವುದು ಉಚಿತವಾಗಿದೆ.

ವಿಷಸರ್ಪಗಳನ್ನು ಮನುಷ್ಯನ ಪಾಲನೆಯಲ್ಲಿಟ್ಟು ಅವುಗಳಿಂದ ಮರಿ ಪಡೆಯುವ ಪ್ರಯತ್ನಗಳು ಜಗತ್ತಿನ ಅನೇಕ ಕಡೆ ನಡೆದಿವೆ. ಕಚ್ಚಿದರೆ ಪ್ರಾಣ ತೆಗೆಯಬಲ್ಲ ಪ್ರಾಣಿಯ ಸಂತತಿಯನ್ನು ಬೆಳೆಸುವುದೇಕೆ ಎಂಬ ಪ್ರಶ್ನೆ ಸಹಜ. ಇದಕ್ಕೆ ಮುಖ್ಯವಾಗಿ ಎರಡು ಕಾರಣಗಳಿವೆ. ಮೊದಲನೆಯದಾಗಿ, ಕೆಲವು ಸರ್ಪಜಾತಿಗಳು ತಮ್ಮ ನೆಲೆಯನ್ನು ಕಳೆದುಕೊಂಡು ಅಳಿವಿನ ಅಂಚಿಗೆ ಬಂದಿವೆ. ಎರಡನೆಯದಾಗಿ, ಹಾವು ಕಡಿತಕ್ಕೆ ಇರುವ ನಿಜವಾದ ಔಷಧ ಹಾವಿನ ವಿಷದಿಂದಲೇ ತಯಾರಾಗಬೇಕಾಗಿದೆ. ಈ ಎರಡೂ ಉದ್ದೇಶಗಳಿಗಾಗಿ ಹಾವುಗಳನ್ನು ಸಾಕಿದವರಿಗೆ ಎದುರಾದ ಮೊದಲ ತೊಡಕು ವಿಷದ್ದಲ್ಲ, ಋತುವಿನದು. ಶೀತದೇಶದ ಹಾವುಗಳನ್ನು ವರ್ಷವಿಡೀ ಬೆಚ್ಚಗಿಟ್ಟು, ಹೊಟ್ಟೆತುಂಬ ಆಹಾರವಿತ್ತರೆ ಅವು ಬದುಕುತ್ತವೆ, ಕೊಬ್ಬುತ್ತವೆ. ಆದರೆ ಅನೇಕವೇಳೆ ಮರಿ ಹಾಕುವುದಿಲ್ಲ. ಅವಕ್ಕೆ ಇಲ್ಲದೆ ಹೋದದ್ದು ಚಳಿಗಾಲ.

ಶಿಶಿರನಿದ್ರೆಯ ಸ್ವರೂಪ

ಹಾವು ಶೀತರಕ್ತ ಪ್ರಾಣಿ ಎಂದು ಶಾಲೆಯ ಪಾಠಗಳಲ್ಲಿ ಹೇಳುವುದುಂಟು. ಅದರ ರಕ್ತ ಸದಾ ತಣ್ಣಗಿರುತ್ತದೆ ಎಂಬುದು ಇದರ ಅರ್ಥವಲ್ಲ. ಮನುಷ್ಯನ ದೇಹ ತನ್ನ ಶಾಖವನ್ನು ತಾನೇ ಉತ್ಪಾದಿಸಿಕೊಂಡು ಒಂದೇ ಮಟ್ಟದಲ್ಲಿ ಕಾಪಾಡಿಕೊಳ್ಳುತ್ತದೆ. ಹಾವು ಶಾಖವನ್ನು ಬಿಸಿಲಿನಿಂದ, ಕಲ್ಲಿನಿಂದ, ನೆಲದಿಂದ ಪಡೆಯುತ್ತದೆ. ಹೊರಗಿನ ಉಷ್ಣತೆ ಏರಿದಂತೆ ಅದರ ಉಸಿರು, ಹೃದಯದ ಬಡಿತ, ಜೀರ್ಣಶಕ್ತಿ ಚುರುಕಾಗುತ್ತವೆ, ಇಳಿದಂತೆ ಮಂದವಾಗುತ್ತವೆ. ದೇಹವನ್ನು ಬೆಚ್ಚಗಿಡಲು ಆಹಾರವನ್ನು ಉರಿಸಬೇಕಾಗಿಲ್ಲವಾದ್ದರಿಂದಲೇ ಹಾವು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ, ಉಪವಾಸವಿರಬಲ್ಲದು.

ಯುರೋಪು, ಉತ್ತರ ಏಷ್ಯಾ ಮತ್ತು ಉತ್ತರ ಅಮೆರಿಕಗಳಲ್ಲಿ ಚಳಿಗಾಲ ಬಂದಾಗ ನೆಲವೇ ಹೆಪ್ಪುಗಟ್ಟುತ್ತದೆ. ಅಲ್ಲಿಯ ಹಾವುಗಳು ಶರತ್ಕಾಲದಲ್ಲಿಯೇ ಆಹಾರ ನಿಲ್ಲಿಸಿ, ಇಲಿಯ ಬಿಲ, ಮರದ ಬೇರಿನ ಸಂದು, ಬಂಡೆಯ ಬಿರುಕುಗಳ ಮೂಲಕ ಹಿಮ ತಲುಪದ ಆಳಕ್ಕೆ ಇಳಿಯುತ್ತವೆ. ಹೊಟ್ಟೆಯೊಳಗೆ ಸಂಗ್ರಹವಾದ ಕೊಬ್ಬೇ ಅವುಗಳ ಬುತ್ತಿ. ಕರಡಿಯಂಥ ಬಿಸಿರಕ್ತದ ಪ್ರಾಣಿಗಳ ದೀರ್ಘನಿದ್ರೆಗೂ ಇದಕ್ಕೂ ಭೇದವಿದೆ. ಹಾವು ಗಾಢನಿದ್ರೆಯಲ್ಲಿರುವುದಿಲ್ಲ, ಮಂದವಾಗಿ ಚಲಿಸಬಲ್ಲದು, ನೀರು ಕುಡಿಯಬಲ್ಲದು, ಸ್ವಲ್ಪ ಬೆಚ್ಚಗಿನ ಮೂಲೆಯನ್ನು ಅರಸಿ ಸರಿಯಬಲ್ಲದು. ಈ ಭೇದವನ್ನು ಸೂಚಿಸಲು ಅಮೆರಿಕದ ವಿಜ್ಞಾನಿ ವಿಲ್ಬರ್ ಮೇಹ್ಯೂ ಅವರು 1965ರಲ್ಲಿ ‘ಬ್ರುಮೇಶನ್’ ಎಂಬ ಹೊಸ ಪದವನ್ನು ಬಳಕೆಗೆ ತಂದರು. ಕನ್ನಡದಲ್ಲಿ ರೂಢಿಯಲ್ಲಿರುವ ಶಿಶಿರನಿದ್ರೆ ಎಂಬ ಪದವನ್ನೇ ಈ ಲೇಖನದಲ್ಲಿ ಈ ವಿಶಿಷ್ಟ ಅರ್ಥದಲ್ಲಿ ಬಳಸಲಾಗಿದೆ.

ಚಳಿಯೂ ಸಂತಾನವೂ

ಚಳಿಗೂ ಸಂತಾನಕ್ಕೂ ಇರುವ ಸಂಬಂಧವನ್ನು ವಿಶದಪಡಿಸಿದ ಅಧ್ಯಯನಗಳಲ್ಲಿ ಒಂದು ಕೆನಡಾದ ಗಾರ್ಟರ್ ಹಾವನ್ನು ಕುರಿತದ್ದು. ಈ ಹಾವು ಮನುಷ್ಯನಿಗೆ ಅಪಾಯಕಾರಿಯಲ್ಲ. ಆದರೆ ಅದು ಕಲಿಸಿದ ಪಾಠ ವಿಷಸರ್ಪಗಳನ್ನು ಸಾಕುವವರಿಗೂ ಉಪಯುಕ್ತವಾಯಿತು. ಮ್ಯಾನಿಟೋಬಾ ಪ್ರಾಂತದ ನಾರ್ಸಿಸ್ ಎಂಬಲ್ಲಿ ಸುಣ್ಣಕಲ್ಲಿನ ಬಿರುಕುಗಳೊಳಗೆ ಈ ಹಾವುಗಳು ಸಾವಿರಗಟ್ಟಲೆ ಸೇರಿ ಚಳಿಗಾಲ ಕಳೆಯುತ್ತವೆ. ವಸಂತದಲ್ಲಿ ಹೊರಬಂದ ಗಂಡುಗಳು ಆಹಾರವನ್ನೂ ಹುಡುಕದೆ ಹೆಣ್ಣುಗಳಿಗಾಗಿ ಕಾಯುತ್ತವೆ. ಪ್ರಾಣಿಗಳಲ್ಲಿ ಈ ಪ್ರವೃತ್ತಿಯನ್ನು ಪ್ರೇರಿಸುವುದು ವೃಷಣಗಳು ಸ್ರವಿಸುವ ರಸ ಎಂಬುದು ಸಾಮಾನ್ಯ ನಂಬಿಕೆಯಾಗಿತ್ತು. ಆದರೆ ಈ ಹಾವುಗಳಲ್ಲಿ ಕೂಡುವ ಕಾಲಕ್ಕೆ ವೃಷಣಗಳು ಕುಗ್ಗಿಹೋಗಿರುತ್ತವೆ. ಬಳಕೆಯಾಗುವ ವೀರ್ಯ ಹಿಂದಿನ ಬೇಸಿಗೆಯಲ್ಲಿ ಸಿದ್ಧವಾಗಿ ಉಳಿದದ್ದು. ಡೇವಿಡ್ ಕ್ರೂಸ್ ಮತ್ತು ಅವರ ಸಹೋದ್ಯೋಗಿಗಳು ನಡೆಸಿದ ಪ್ರಯೋಗಗಳಲ್ಲಿ, ದೀರ್ಘಕಾಲದ ಚಳಿ ಮತ್ತು ಅದರ ಬೆನ್ನಿಗೆ ಬರುವ ಶಾಖ ಇವೆರಡೇ ಗಂಡುಹಾವನ್ನು ಎಚ್ಚರಿಸುವ ಸಂಕೇತಗಳೆಂಬುದು ಸ್ಪಷ್ಟವಾಯಿತು. ಚಳಿಯಿಲ್ಲದಿದ್ದರೆ ಶಾಖಕ್ಕೆ ಅರ್ಥವಿಲ್ಲ.

ಯುರೋಪಿನ ಸಾಮಾನ್ಯ ಮಂಡಲದ ಹಾವು ಇದೇ ಸತ್ಯವನ್ನು ಬೇರೊಂದು ರೀತಿಯಲ್ಲಿ ತೋರಿಸುತ್ತದೆ. ಉತ್ತರ ಧ್ರುವವೃತ್ತವನ್ನೂ ದಾಟಿ ವಾಸಿಸುವ ಈ ವಿಷಸರ್ಪದಲ್ಲಿ ಗಂಡುಗಳು ಹೆಣ್ಣುಗಳಿಗಿಂತ ಕೆಲವು ವಾರ ಮೊದಲೇ ಬಿಲದಿಂದ ಹೊರಬರುತ್ತವೆ. ಹಿಮವಿನ್ನೂ ಅಲ್ಲಲ್ಲಿ ಉಳಿದಿರುವಾಗಲೇ ಎಳೆಬಿಸಿಲಿಗೆ ಮೈಯೊಡ್ಡಿ ಮಲಗುತ್ತವೆ. ಈ ಅವಧಿಯಲ್ಲಿ ವೀರ್ಯ ಪಕ್ವಗೊಳ್ಳುತ್ತದೆ. ಬಳಿಕ ಗಂಡು ಪೊರೆ ಬಿಟ್ಟು ಹೆಣ್ಣನ್ನು ಅರಸಿ ಹೊರಡುತ್ತದೆ. ಹೆಣ್ಣು ಮೊಟ್ಟೆಯಿಡದೆ ನೇರವಾಗಿ ಮರಿ ಹಾಕುತ್ತದೆ. ಗರ್ಭಕಾಲದಲ್ಲಿ ಬಹುಮಟ್ಟಿಗೆ ಉಪವಾಸವಿದ್ದು ಸೊರಗಿದ ತಾಯಿ ಮತ್ತೆ ಕೊಬ್ಬು ಕೂಡಿಸಿಕೊಳ್ಳಲು ಎರಡು ಮೂರು ವರ್ಷ ಬೇಕಾಗುವುದುಂಟು. ಇಂಥ ಪ್ರಾಣಿಯಿಂದ ಪ್ರತಿವರ್ಷವೂ ಮರಿಯನ್ನು ನಿರೀಕ್ಷಿಸುವುದು ಅವಿವೇಕವೇ ಸರಿ.

ಪಾಲನೆಯಲ್ಲಿ ಚಳಿಗಾಲ

ಹಾಗಾದರೆ ಪಾಲಕನು ಚಳಿಗಾಲವನ್ನು ಹೇಗೆ ಒದಗಿಸಬೇಕು? ಈ ಕ್ರಮದಲ್ಲಿ ಪ್ರತಿಯೊಂದು ಹೆಜ್ಜೆಗೂ ಕಾರಣವಿದೆ. ಮೊದಲು ಹಾವಿನ ಆರೋಗ್ಯವನ್ನು ಪರೀಕ್ಷಿಸಬೇಕು. ಸೊರಗಿದ, ಶ್ವಾಸಕೋಶದ ರೋಗವಿರುವ, ಹುಳುಬಾಧೆಯಿರುವ ಹಾವು ಚಳಿಗಾಲ ದಾಟುವುದು ಕಷ್ಟ. ತಂಪಿನಲ್ಲಿ ಅದರ ರೋಗನಿರೋಧಕ ಶಕ್ತಿಯೂ ಕುಂದುತ್ತದೆ. ಬಳಿಕ ಶಾಖವನ್ನು ಹಾಗೆಯೇ ಇಟ್ಟು ಆಹಾರವನ್ನು ಮಾತ್ರ ಕೆಲವು ವಾರ ನಿಲ್ಲಿಸಬೇಕು. ಕರುಳು ಪೂರ್ತಿ ಬರಿದಾಗುವ ಮೊದಲೇ ತಂಪಾದರೆ ಜೀರ್ಣಕ್ರಿಯೆ ನಿಂತು, ಒಳಗೆ ಉಳಿದ ಆಹಾರ ಕೊಳೆತು, ಹಾವು ಸಾಯುತ್ತದೆ. ಪ್ರೀತಿಯಿಂದ ಕೊಟ್ಟ ಕೊನೆಯ ಇಲಿಯೇ ಅದಕ್ಕೆ ಮೃತ್ಯುವಾಗುತ್ತದೆ.

ಅನಂತರ ಉಷ್ಣತೆಯನ್ನು ಒಮ್ಮೆಲೇ ಇಳಿಸದೆ ದಿನದಿನಕ್ಕೂ ಸ್ವಲ್ಪಸ್ವಲ್ಪವಾಗಿ, ಬೆಳಕಿನ ಅವಧಿಯನ್ನೂ ಅದರೊಡನೆ ಕಡಿಮೆ ಮಾಡುತ್ತ, ಇಳಿಸಲಾಗುತ್ತದೆ. ಶೀತದೇಶದ ಮಂಡಲಗಳಿಗೆ ಸಾಮಾನ್ಯವಾಗಿ 4ರಿಂದ 10 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಕತ್ತಲೆಯಲ್ಲಿ, ಎರಡರಿಂದ ನಾಲ್ಕು ತಿಂಗಳ ವಿಶ್ರಾಂತಿ ಕೊಡುವುದು ವಾಡಿಕೆ. ಹೆಪ್ಪುಗಟ್ಟುವ ಮಟ್ಟಕ್ಕೆ ಇಳಿಯಗೊಡುವಂತಿಲ್ಲ. ಹಾಗೆಂದು ಹದಿನೈದು ಡಿಗ್ರಿಗೆ ಮೇಲೇರಿಸಿ ತಿಂಗಳುಗಟ್ಟಲೆ ಇಡುವುದೂ ತರವಲ್ಲ; ಆ ಮಧ್ಯಮ ಉಷ್ಣತೆಯಲ್ಲಿ ದೇಹ ಪೂರ್ತಿ ವಿರಮಿಸದೆ ಕೊಬ್ಬು ವ್ಯರ್ಥವಾಗಿ ಕರಗುತ್ತದೆ. ಕುಡಿಯುವ ನೀರು ಸದಾ ಇರಬೇಕು. ನೆಲಹಾಸು ಒಣಗಿದರೆ ದೇಹ ಬತ್ತುತ್ತದೆ, ತೊಯ್ದರೆ ಚರ್ಮ ಹುಣ್ಣಾಗುತ್ತದೆ. ಆಗಾಗ ಹಾವನ್ನು ತೂಗಿ ನೋಡಬೇಕು. ತೂಕ ಬಹಳ ಇಳಿದಿದ್ದರೆ ಅದನ್ನು ಅವಧಿಗೆ ಮೊದಲೇ ಎಚ್ಚರಿಸಬೇಕಾಗುತ್ತದೆ.

ಕೊನೆಯಲ್ಲಿ ಶಾಖವನ್ನು ಮತ್ತೆ ಮೆಲ್ಲಮೆಲ್ಲನೆ ಏರಿಸಲಾಗುತ್ತದೆ. ನೀರು ಮೊದಲು, ಆಹಾರ ಆಮೇಲೆ. ಗಂಡು ಪೊರೆ ಬಿಟ್ಟ ಬಳಿಕ ಜೋಡಿಯನ್ನು ಒಂದೆಡೆ ಸೇರಿಸುವುದು ಅನುಭವಿಗಳ ಕ್ರಮ. ಈ ಎಲ್ಲ ಕೆಲಸದಲ್ಲಿಯೂ ಒಂದು ಎಚ್ಚರ ತಪ್ಪುವಂತಿಲ್ಲ. ತಣ್ಣಗಾದ ಹಾವು ಸತ್ತಂತೆ ಕಂಡರೂ ಅದರ ವಿಷ ತಣ್ಣಗಾಗಿರುವುದಿಲ್ಲ. ಕೈಯ ಶಾಖ ತಗುಲಿದೊಡನೆ ಚೇತರಿಸಿಕೊಂಡು ಕಚ್ಚಬಲ್ಲದು. ಆದುದರಿಂದಲೇ ಇಂಥ ಕೇಂದ್ರಗಳಲ್ಲಿ ಬೀಗದ ಪೆಟ್ಟಿಗೆ, ಉದ್ದ ಹಿಡಿಯ ಕೊಕ್ಕೆ, ಇಬ್ಬರ ಹಾಜರಿ, ಸಮೀಪದಲ್ಲಿ ಪ್ರತಿವಿಷ ಇವು ಕಡ್ಡಾಯದ ನಿಯಮಗಳು.

ಹಂಗೇರಿಯ ಹುಲ್ಲುಗಾವಲಿನ ಮಂಡಲ

ಈ ವಿದ್ಯೆ ಒಂದು ಜಾತಿಯ ಉಳಿವಿಗೆ ನೆರವಾದ ನಿದರ್ಶನ ಹಂಗೇರಿ ದೇಶದಲ್ಲಿದೆ. ಅಲ್ಲಿಯ ಬಯಲಿನ ಹುಲ್ಲುಗಾವಲಿನಲ್ಲಿ ವಾಸಿಸುವ ಒಂದು ಚಿಕ್ಕ ಮಂಡಲವನ್ನು 1893ರಲ್ಲಿ ಲಾಯೋಶ್ ಮೇಹೆಯ್ ಎಂಬ ಪ್ರಾಣಿಶಾಸ್ತ್ರಜ್ಞರು ವಿಜ್ಞಾನಲೋಕಕ್ಕೆ ಪರಿಚಯಿಸಿದರು. ಬುಡಾಪೆಸ್ಟ್ ನಗರದ ಬಳಿಯ ರಾಕೋಶ್ ಬಯಲಿನ ಹೆಸರನ್ನೇ ಅದಕ್ಕಿತ್ತರು. ಸುಮಾರು ಒಂದೂವರೆ ಅಡಿ ಉದ್ದದ ಈ ಹಾವಿನ ಆಹಾರದಲ್ಲಿ ಮಿಡತೆ ಮತ್ತು ಚಿಮ್ಮಂಡೆಗಳದೇ ದೊಡ್ಡ ಪಾಲು. ಜತೆಗೆ ಹಲ್ಲಿ, ಇಲಿಮರಿಗಳನ್ನೂ ತಿನ್ನುತ್ತದೆ. ವಿಷವಿದ್ದರೂ ಮನುಷ್ಯನಿಗೆ ಇದರಿಂದ ಗಂಡಾಂತರ ಕಡಿಮೆ. ಮನುಷ್ಯನಿಂದ ಇದಕ್ಕಾದ ಗಂಡಾಂತರವೇ ದೊಡ್ಡದು. ಜೌಗುನೆಲವನ್ನು ಬಸಿದು ಒಣಗಿಸಿದರು, ಹುಲ್ಲುಗಾವಲನ್ನು ಉತ್ತು ಹೊಲ ಮಾಡಿದರು, ಉಳಿದ ಹುಲ್ಲನ್ನು ಯಂತ್ರಗಳಿಂದ ನೆಲಮಟ್ಟಕ್ಕೆ ಕೊಯ್ದರು. ನೆರೆಯ ಆಸ್ಟ್ರಿಯದಿಂದ ಈ ಹಾವು ಕಣ್ಮರೆಯಾಯಿತು. ಹಂಗೇರಿಯಲ್ಲಿ ಕೆಲವೇ ತುಂಡು ನೆಲಗಳಲ್ಲಿ ಉಳಿಯಿತು.

1974ರಲ್ಲಿ ಹಂಗೇರಿ ಸರಕಾರ ಈ ಹಾವಿಗೆ ಕಾನೂನಿನ ರಕ್ಷಣೆ ನೀಡಿತು. ಆದರೆ ನೆಲೆ ಕಳೆದುಕೊಂಡ ಪ್ರಾಣಿಯನ್ನು ಕಾನೂನೊಂದೇ ಉಳಿಸಲಾರದು. 2004ರಲ್ಲಿ ಹಂಗೇರಿಯ ಪಕ್ಷಿಸಂರಕ್ಷಣಾ ಸಂಘವು ಕಿಶ್‌ಕುನ್‌ಶಾಗ್ ಪ್ರದೇಶದ ಕುನ್‌ಪೆಸೇರ್ ಗ್ರಾಮದ ಬಳಿ, ಯುರೋಪಿಯನ್ ಒಕ್ಕೂಟದ ನೆರವಿನಿಂದ, ಇದಕ್ಕಾಗಿಯೇ ಒಂದು ಸಂತಾನಕೇಂದ್ರವನ್ನು ತೆರೆಯಿತು. ಹಕ್ಕಿಗಳ ರಕ್ಷಣೆಗಾಗಿ ಹುಟ್ಟಿದ ಸಂಘವೊಂದು ಹಾವಿನ ರಕ್ಷಣೆಗೆ ನಿಂತದ್ದು ಗಮನಾರ್ಹ.

ಆ ಕೇಂದ್ರದ ಕ್ರಮದಲ್ಲಿ ವಿಶೇಷವೊಂದಿದೆ. ಹಾವುಗಳನ್ನು ಕಟ್ಟಡದೊಳಗಿನ ಗಾಜಿನ ಪೆಟ್ಟಿಗೆಗಳಲ್ಲಿಡದೆ, ಬಯಲಿನಲ್ಲಿಯೇ ಆವರಣಗಳನ್ನು ರಚಿಸಿ, ಸಹಜವಾದ ಹುಲ್ಲು ಬೆಳೆಯಗೊಟ್ಟು, ಬೇಟೆಯ ಹಕ್ಕಿಗಳು ಎರಗದಂತೆ ಮೇಲೆ ಬಲೆ ಹೊದಿಸಿ ಸಾಕುತ್ತಾರೆ. ನೆಲದಾಳಕ್ಕೆ ಇಳಿಯುವ ಕೃತಕ ಬಿಲಗಳನ್ನು ಒದಗಿಸಿರುತ್ತಾರೆ. ಆ ದೇಶದ ನಿಜವಾದ ಬಿಸಿಲು, ನಿಜವಾದ ಮಳೆ, ನಿಜವಾದ ಹಿಮ ಹಾವುಗಳಿಗೆ ದೊರೆಯುತ್ತವೆ. ಅವು ತಾವಾಗಿಯೇ ಬಿಲಕ್ಕಿಳಿದು, ತಾವಾಗಿಯೇ ಮೇಲೇರಿ, ಬೇಸಿಗೆಯ ಕೊನೆಯಲ್ಲಿ ಮರಿ ಹಾಕುತ್ತವೆ. ಬೆರಳೆಣಿಕೆಯ ಹಾವುಗಳಿಂದ ಆರಂಭವಾದ ಈ ಕೇಂದ್ರದಲ್ಲಿ ಇದುವರೆಗೆ ಸಾವಿರಾರು ಮರಿಗಳು ಹುಟ್ಟಿವೆ. 2010ರಿಂದ ಅಲ್ಲಿ ಬೆಳೆದ ಹಾವುಗಳನ್ನು ಸುಧಾರಿಸಿದ ಹುಲ್ಲುಗಾವಲುಗಳಿಗೆ ಬಿಡುತ್ತ ಬರಲಾಗಿದೆ. ಮರಿ ಮಾಡಿಸುವುದು ಕೆಲಸದ ಅರ್ಧಭಾಗ ಮಾತ್ರ. ಬಿಡಲು ಹುಲ್ಲುಗಾವಲು ಇರುವಂತೆ ಮಾಡುವುದು ಉಳಿದರ್ಧ. ಉತ್ತ ಹೊಲವನ್ನು ಮತ್ತೆ ಹುಲ್ಲಿಗೆ ತಿರುಗಿಸುವ ಕೆಲಸವೂ ಅದೇ ಯೋಜನೆಯಲ್ಲಿ ನಡೆದಿದೆ.

ಅಳಿದುಳಿದ ಕೆಲವೇ ಹಾವುಗಳಿಂದ ಸಂತಾನ ಬೆಳೆಸುವಾಗ ರಕ್ತಸಂಬಂಧದ ತೊಡಕೂ ಉಂಟು. ಸ್ವೀಡನ್ನಿನ ದಕ್ಷಿಣ ಕರಾವಳಿಯ ಸ್ಮಿಗೆಹುಕ್ ಎಂಬಲ್ಲಿ ಇತರೆಡೆಗಳಿಂದ ಬೇರ್ಪಟ್ಟ ಸಾಮಾನ್ಯ ಮಂಡಲಗಳ ಚಿಕ್ಕ ಸಮೂಹವೊಂದಿತ್ತು. ತಮ್ಮತಮ್ಮೊಳಗೇ ಕೂಡಿ ಅವುಗಳ ಮರಿಗಳಲ್ಲಿ ಅನೇಕವು ಸತ್ತೇ ಹುಟ್ಟುತ್ತಿದ್ದವು, ಕೆಲವು ಅಂಗವಿಕಲವಾಗಿರುತ್ತಿದ್ದವು. 1992ರಲ್ಲಿ ಸಂಶೋಧಕರು ಬೇರೆಡೆಯ 20 ಗಂಡುಹಾವುಗಳನ್ನು ಅಲ್ಲಿಗೆ ತಂದುಬಿಟ್ಟರು. ಕೆಲವೇ ವರ್ಷಗಳಲ್ಲಿ ಆರೋಗ್ಯವಂತ ಮರಿಗಳು ಹೆಚ್ಚಿ, ಅಳಿಯುತ್ತಿದ್ದ ಸಮೂಹ ಚೇತರಿಸಿಕೊಂಡ ಸಂಗತಿಯನ್ನು 1999ರಲ್ಲಿ ಅವರು ಪ್ರಕಟಿಸಿದರು. ಸಂತಾನಕೇಂದ್ರಗಳು ಪ್ರತಿಯೊಂದು ಹಾವಿನ ವಂಶಾವಳಿಯನ್ನು ಲೆಕ್ಕದ ಪುಸ್ತಕದಂತೆ ಬರೆದಿಡುವುದು ಈ ಕಾರಣದಿಂದಲೇ.

ಕನ್ನಡನಾಡಿನ ಋತು

ಶಿಶಿರನಿದ್ರೆಯ ಈ ಕ್ರಮವನ್ನು ಎಲ್ಲ ಹಾವುಗಳಿಗೂ ಅನ್ವಯಿಸುವಂತಿಲ್ಲ. ಭಾರತದಲ್ಲಿಯೇ ಹಿಮಾಲಯದ ಎತ್ತರದಲ್ಲಿರುವ ಗುಳಿಮಂಡಲಕ್ಕೆ ದೀರ್ಘವಾದ ಚಳಿಗಾಲ ಸಹಜವಾದದ್ದು. ಅದೇ ಚಳಿಯಲ್ಲಿ ಕರ್ನಾಟಕದ ನಾಗರಹಾವನ್ನಿಟ್ಟರೆ ಅದು ಸಾಯುವುದು ನಿಶ್ಚಯ. ಹಾಗೆಂದ ಮಾತ್ರಕ್ಕೆ ಇಲ್ಲಿಯ ಹಾವುಗಳಿಗೆ ಋತುವಿನ ಕಟ್ಟು ಇಲ್ಲವೆಂದಲ್ಲ. ಹಿಮದ ಸ್ಥಾನದಲ್ಲಿ ಇಲ್ಲಿ ಮಳೆಯಿದೆ. ಕೊಳಕುಮಂಡಲ ಮರಿ ಹಾಕುವುದು, ನಾಗರಹಾವಿನ ಮೊಟ್ಟೆಗಳೊಡೆಯುವುದು ಬಹುಮಟ್ಟಿಗೆ ಬೇಸಿಗೆ ಮುಗಿದು ಮುಂಗಾರು ಹಿಡಿಯುವ ಕಾಲಕ್ಕೆ. ಕಪ್ಪೆ, ಇಲಿಗಳ ಮರಿಗಳು ಹೇರಳವಾಗುವ ಕಾಲವೂ ಅದೇ.

ಮಲೆನಾಡಿನ ಕಾಳಿಂಗಸರ್ಪದಲ್ಲಿ ಈ ಹೊಂದಾಣಿಕೆ ವಿಶೇಷವಾಗಿ ಕಾಣುತ್ತದೆ. ಜಗತ್ತಿನ ಅತ್ಯಂತ ಉದ್ದದ ಈ ವಿಷಸರ್ಪ ಎಲೆಗಳನ್ನು ಒಟ್ಟುಗೂಡಿಸಿ ಗೂಡು ಕಟ್ಟುತ್ತದೆ. ಮುಂಗಾರಿಗೆ ಮುನ್ನ ತಾಯಿಹಾವು ಮೈಯ ಸುರುಳಿಯಿಂದ ತರಗೆಲೆಗಳನ್ನು ಎಳೆದು ಗುಡ್ಡೆ ಮಾಡಿ, 20ರಿಂದ 40ರಷ್ಟು ಮೊಟ್ಟೆಯಿಟ್ಟು, ಆಹಾರ ಬಿಟ್ಟು ಕಾವಲಿರುತ್ತದೆ. ವರ್ಷಕ್ಕೆ ಸುಮಾರು 7000 ಮಿಲಿಮೀಟರ್ ಮಳೆ ಬೀಳುವ ಆಗುಂಬೆಯಲ್ಲಿ ಆ ಎಲೆಯ ಗೂಡು ಮೊಟ್ಟೆಗಳನ್ನು ನೀರಿನಿಂದ ಕಾಪಾಡುತ್ತದೆ. ಮಳೆಗಾಲದ ನಡುವೆ ಮರಿಗಳು ಹೊರಬರುತ್ತವೆ. ರೋಮುಲಸ್ ವಿಟೇಕರ್ ಅವರು 2005ರಲ್ಲಿ ಆಗುಂಬೆಯಲ್ಲಿ ಸ್ಥಾಪಿಸಿದ ಮಳೆಕಾಡು ಸಂಶೋಧನಾ ಕೇಂದ್ರ ಈ ಹಾವಿನ ಜೀವನಕ್ರಮವನ್ನು ಕುರಿತು ಬಹಳಷ್ಟು ತಿಳಿಸಿಕೊಟ್ಟಿದೆ. ಅಲ್ಲಿ ಗೂಡನ್ನು ಕಿತ್ತು ತರದೆ, ಇದ್ದಲ್ಲಿಯೇ ಕಾದು, ಹುಟ್ಟಿದ ಮರಿಗಳು ಅದೇ ಕಾಡಿಗೆ ಸೇರುವಂತೆ ನೋಡಿಕೊಳ್ಳುವ ಪದ್ಧತಿ ಬೆಳೆದಿದೆ. 2024ರಲ್ಲಿ ವಿಜ್ಞಾನಿಗಳು ಕಾಳಿಂಗವನ್ನು ನಾಲ್ಕು ಬೇರೆಬೇರೆ ಜಾತಿಗಳಾಗಿ ವಿಂಗಡಿಸಿದಾಗ, ಪಶ್ಚಿಮಘಟ್ಟದ ಜಾತಿಗೆ ಕನ್ನಡದ ‘ಕಾಳಿಂಗ’ ಎಂಬ ಹೆಸರನ್ನೇ ಶಾಸ್ತ್ರೀಯ ನಾಮವಾಗಿ ಇಟ್ಟರು.

ಪಾಲನೆಯಲ್ಲಿಯೂ ಕಾಳಿಂಗ ಮರಿಮಾಡಿದೆ. ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಮೃಗಾಲಯದಲ್ಲಿ ಜೋಡಿಯೊಂದು ಕೂಡಿ ಗೂಡು ಕಟ್ಟಿದ ವಿವರಗಳನ್ನು ಜೇಮ್ಸ್ ಆಲಿವರ್ ಅವರು 1956ರಲ್ಲಿ ಪ್ರಕಟಿಸಿದರು. ಮಂಗಳೂರಿನ ಪಿಲಿಕುಳ ಜೈವಿಕ ಉದ್ಯಾನದಲ್ಲಿಯೂ ಕಾಳಿಂಗದ ಮೊಟ್ಟೆಗಳು ಮರಿಯಾಗಿವೆ. ಹಾವನ್ನೇ ತಿನ್ನುವ ಈ ಹಾವಿನ ಗಂಡುಹೆಣ್ಣುಗಳನ್ನು ಅವಸರದಿಂದ ಒಂದೆಡೆ ಸೇರಿಸಿದರೆ ಒಂದು ಇನ್ನೊಂದಕ್ಕೆ ಆಹಾರವಾಗಲೂಬಹುದು. ಇಲ್ಲಿಯೂ ಪಾಲಕನು ಕಲಿಯಬೇಕಾದ ಮೊದಲ ವಿದ್ಯೆ ಕಾಯುವುದು.

ವಿಷದಿಂದ ಔಷಧ

ಹಾವಿನ ಪಾಲನೆ ಮನುಷ್ಯನ ಪ್ರಾಣಕ್ಕೂ ಸಂಬಂಧಿಸಿದ್ದು. 2000ದಿಂದ 2019ರವರೆಗಿನ 20 ವರ್ಷಗಳಲ್ಲಿ ಭಾರತದಲ್ಲಿ ಹಾವು ಕಡಿತದಿಂದ ಸುಮಾರು 12 ಲಕ್ಷ ಜನರು, ಎಂದರೆ ವರ್ಷಕ್ಕೆ ಸರಾಸರಿ 58,000 ಮಂದಿ, ಮೃತಪಟ್ಟರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಇವರಲ್ಲಿ ಬಹುಪಾಲು ಹಳ್ಳಿಗರು, ಹೊಲದಲ್ಲಿ ದುಡಿಯುವವರು. ಕರ್ನಾಟಕ ಸರಕಾರವು 2024ರಲ್ಲಿ ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಬೇಕೆಂದು ಆದೇಶಿಸಿತು.

ಹಾವಿನ ವಿಷವನ್ನು ಅತ್ಯಲ್ಪ ಪ್ರಮಾಣದಲ್ಲಿ ಕುದುರೆಗೆ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ನಿರೋಧಕ ವಸ್ತುವನ್ನು ಬೇರ್ಪಡಿಸಿ ಪ್ರತಿವಿಷವನ್ನು ತಯಾರಿಸುತ್ತಾರೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ ಮೊದಲಾದವರು ಈ ವಿಧಾನಕ್ಕೆ ಅಡಿಪಾಯ ಹಾಕಿದರು. ಭಾರತದಲ್ಲಿ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ಒಂದೇ ಪ್ರತಿವಿಷ ಬಳಕೆಯಲ್ಲಿದೆ. ಇದಕ್ಕೆ ಬೇಕಾದ ವಿಷವನ್ನು ಒದಗಿಸುವಲ್ಲಿ ತಮಿಳುನಾಡಿನ ವಡನೆಮ್ಮೇಲಿಯಲ್ಲಿ 1978ರಲ್ಲಿ ಸ್ಥಾಪನೆಯಾದ ಇರುಳರ ಸಹಕಾರ ಸಂಘದ ಪಾತ್ರ ದೊಡ್ಡದು. ಹಿಂದೆ ಚರ್ಮಕ್ಕಾಗಿ ಹಾವು ಹಿಡಿಯುತ್ತಿದ್ದ ಇರುಳರು ಈ ಸಂಘದ ಮೂಲಕ ಹಾವನ್ನು ಸುಮಾರು ಮೂರು ವಾರ ಇಟ್ಟುಕೊಂಡು, ನಾಲ್ಕು ಬಾರಿ ವಿಷ ತೆಗೆದು, ಮತ್ತೆ ಕಾಡಿಗೆ ಬಿಡುವ ವೃತ್ತಿಗೆ ಬಂದರು.

ವಿಷಕ್ಕಾಗಿ ಸಾಕುವ ಹಾವು ಆರೋಗ್ಯವಾಗಿರಬೇಕು, ಅದರ ಮೂಲಸ್ಥಳ ತಿಳಿದಿರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯ ಆಶಯ. ಪಾಲನೆಯಲ್ಲಿ ಹುಟ್ಟಿದ ಹಾವಿನಲ್ಲಿ ಇದು ಸುಲಭಸಾಧ್ಯ. ಕಾಡಿನ ಹಾವುಗಳನ್ನು ಮತ್ತೆಮತ್ತೆ ಹಿಡಿಯುವುದೂ ತಪ್ಪುತ್ತದೆ. ಆದರೆ ಒಂದೇ ಜಾತಿಯ ಹಾವಿನ ವಿಷವೂ ಪ್ರದೇಶದಿಂದ ಪ್ರದೇಶಕ್ಕೆ, ಮರಿಯಿಂದ ಪ್ರಾಯದ ಹಾವಿಗೆ ಭಿನ್ನವಾಗಿರುತ್ತದೆ. ಒಂದೂರಿನ ಹಾವಿನ ವಿಷದಿಂದ ತಯಾರಾದ ಔಷಧ ಇನ್ನೊಂದೂರಿನಲ್ಲಿ ಅಷ್ಟೇ ಫಲಕಾರಿಯಾಗದೆ ಇರಬಹುದು. ಆದುದರಿಂದ ಒಂದು ಜೋಡಿಯಿಂದ ಎಷ್ಟು ಮರಿ ಪಡೆದರೂ ಸಾಲದು. ನಾಡಿನ ಬೇರೆಬೇರೆ ಸೀಮೆಗಳ ಹಾವುಗಳು ಬೇಕು, ಅವು ಸಹಜವಾಗಿ ಬದುಕುವ ನೆಲೆಗಳೂ ಉಳಿಯಬೇಕು.

ಉಪಸಂಹಾರ

ಈ ಸಂಗತಿಗಳನ್ನು ಓದಿ ಯಾರೂ ಹಾವು ಸಾಕಲು ಹೊರಡಬಾರದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಣೆ ಪಡೆದ ಹಾವುಗಳನ್ನು ಅನುಮತಿಯಿಲ್ಲದೆ ಹಿಡಿಯುವುದೂ ಇಟ್ಟುಕೊಳ್ಳುವುದೂ ಅಪರಾಧ, ಜೀವಕ್ಕೂ ಅಪಾಯ. ಶಾಲೆಗಳಲ್ಲಿ ಕಲಿಸಬೇಕಾದದ್ದು ಬೇರೆ. ಕತ್ತಲಲ್ಲಿ ದೀಪವಿಲ್ಲದೆ ನಡೆಯಬಾರದು, ಬರಿಗೈಯನ್ನು ಬಿಲಕ್ಕೆ, ಕಟ್ಟಿಗೆಯ ಒಟ್ಟಿಲಿಗೆ ಹಾಕಬಾರದು. ಕಚ್ಚಿದರೆ ಗಾಯವನ್ನು ಕೊಯ್ಯಬಾರದು, ಬಿಗಿಯಾಗಿ ಕಟ್ಟಬಾರದು, ಮಂತ್ರಕ್ಕಾಗಿ ಕಾಯಬಾರದು. ಕಚ್ಚಿದ ಅಂಗವನ್ನು ಅಲುಗಾಡಿಸದೆ, ಪ್ರತಿವಿಷವಿರುವ ಆಸ್ಪತ್ರೆಗೆ ತಡಮಾಡದೆ ಒಯ್ಯಬೇಕು. ಅಧ್ಯಾಪಕರು ಇಷ್ಟನ್ನು ಪ್ರತಿವರ್ಷ ಮಳೆಗಾಲಕ್ಕೆ ಮುನ್ನ ಹೇಳಿಕೊಟ್ಟರೆ ಹಳ್ಳಿಯ ಕೆಲವಾದರೂ ಜೀವಗಳು ಉಳಿಯುತ್ತವೆ.

ದಾಸೋಹದ ನಾಡಿನಲ್ಲಿ ದಯೆ ಎಂದೊಡನೆ ಅನ್ನವಿಕ್ಕುವ ಕೈ ನೆನಪಾಗುತ್ತದೆ. ಶೀತದೇಶದ ಸರ್ಪಪಾಲಕನು ಹಾವಿಗೆ ತೋರುವ ದಯೆ ಬೇರೆ ಬಗೆಯದು. ಸಕಾಲದಲ್ಲಿ ಆಹಾರ ತಡೆದು, ಬೆಂಕಿಯಾರಿಸಿ, ಕತ್ತಲಲ್ಲಿ ಬಿಟ್ಟು, ಮುಟ್ಟದೆ ತಿಂಗಳುಗಟ್ಟಲೆ ಕಾಯುತ್ತಾನೆ. ಎದುರಿಗಿರುವ ಜೀವಕ್ಕೆ ಏನು ಬೇಕೆಂಬುದನ್ನು ತನ್ನ ಹಸಿವಿನಿಂದ, ತನ್ನ ಚಳಿಯಿಂದ ಅಳೆಯದೆ, ಆ ಜೀವದ ಧರ್ಮದಿಂದಲೇ ಅರಿಯುವುದು ಈ ಪಾಲನೆಯ ತಿರುಳು. ಹುತ್ತಕ್ಕೆ ಎರೆಯುವ ಹಾಲು ಹಾವಿನ ಆಹಾರವಲ್ಲ. ಅದಕ್ಕೆ ಬೇಕಾಗಿರುವುದು ಅಗೆಯದೆ ಬಿಟ್ಟ ಹುತ್ತ, ಸುಡದೆ ಬಿಟ್ಟ ಪೊದೆ, ಹೊಲದ ಬದುವಿನಲ್ಲಿ ಸರಿದುಹೋಗಲು ಬಿಟ್ಟ ದಾರಿ. ಇಷ್ಟನ್ನು ಕೊಡಲು ಮನುಷ್ಯನು ಹಾವಿನ ಸಮೀಪಕ್ಕೆ ಹೋಗಬೇಕಾಗಿಯೂ ಇಲ್ಲ.